ಕರಾರು ಮುರಿದಾಗ ಮೊದಲು ಯಾವ ಬಾಗಿಲು? ಕಾಫಿ ಸೀಮೆಯವರಿಗೆ ಸಿವಿಲ್ ಮತ್ತು ವಾಣಿಜ್ಯ ಕಾನೂನಿನ ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಭಾಗದಲ್ಲಿ ಕಾಫಿ, ಮೆಣಸು, ಶುಂಠಿ, ಕೊಬ್ಬರಿಯ ಹಣ ಬಾಕಿಯಾದಾಗ ಒಂದೇ ಬಗೆಯ ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಮಾಲು ಕೊಟ್ಟವರು ಎರಡು ವರ್ಷ ಬಾಯಿಮಾತಿನಲ್ಲಿ ಕಳೆಯುತ್ತಾರೆ, ಆಮೇಲೆ ಅವಸರದಲ್ಲಿ ದಾವೆ ಹೂಡುತ್ತಾರೆ. ಇದು ವಾಣಿಜ್ಯ ವಿವಾದ, ಮಧ್ಯಸ್ಥಿಕೆಗೆ ಹೋಗದೆ ನೇರವಾಗಿ ಬಂದಿದ್ದೀರಿ ಎಂಬ ಕಾರಣಕ್ಕೆ ವಾದಪತ್ರ ತಿರಸ್ಕೃತವಾಗುತ್ತದೆ ಅಥವಾ ಬೇರೆ ನ್ಯಾಯಾಲಯಕ್ಕೆ ಕೊಡಿ ಎಂದು ವಾಪಸಾಗುತ್ತದೆ. ಹಣ ಬರಬೇಕಾದದ್ದು ನಿಜವೇ ಆಗಿದ್ದರೂ ಹಂತಗಳ ಕ್ರಮ ತಪ್ಪಿದ್ದರಿಂದ ಹೀಗಾಗುತ್ತದೆ. ಆದ್ದರಿಂದ ಈ ಬರಹ ಆ ಕ್ರಮವನ್ನೇ ಹಿಡಿದು ಸಾಗುತ್ತದೆ.

ಗೊಂದಲದ ಬೇರು ಒಂದು ತಪ್ಪು ಕಲ್ಪನೆಯಲ್ಲಿದೆ. ಸಿವಿಲ್ ಕಾನೂನು ಮತ್ತು ವಾಣಿಜ್ಯ ಕಾನೂನು ಎರಡು ಬೇರೆ ಮನೆಗಳು, ಒಂದರೊಳಗೆ ಹೋದವರಿಗೆ ಇನ್ನೊಂದರ ಸಂಬಂಧವಿಲ್ಲ ಎಂದು ಹಲವರು ತಿಳಿದಿದ್ದಾರೆ. ಭಾರತದಲ್ಲಿ ವ್ಯಾಪಾರಿಗಳಿಗೆಂದೇ ಪ್ರತ್ಯೇಕವಾದ ಕರಾರು ಸಂಹಿತೆ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯೇ ಅಡಿಪಾಯ. ಅದರ ಮೇಲೆ 1930ರ ಸರಕು ಮಾರಾಟ ಕಾಯ್ದೆ, 1932ರ ಪಾಲುದಾರಿಕೆ ಕಾಯ್ದೆ, 1881ರ ವರ್ಗಾವಣೀಯ ದಸ್ತಾವೇಜುಗಳ ಕಾಯ್ದೆ ಕುಳಿತಿವೆ. ಸರಕು ಮಾರಾಟ ಕಾಯ್ದೆಯ 3ನೇ ಕಲಮೇ ಈ ನಂಟನ್ನು ಸ್ಪಷ್ಟಪಡಿಸುತ್ತದೆ: ವಿಶೇಷ ಕಾಯ್ದೆಯೊಂದಿಗೆ ವಿರೋಧ ಬಾರದ ಮಟ್ಟಿಗೆ ಕರಾರು ಕಾಯ್ದೆಯ ನಿಯಮಗಳು ಸರಕು ಮಾರಾಟಕ್ಕೂ ಅನ್ವಯಿಸುತ್ತವೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಾದರೋ ಹಕ್ಕನ್ನು ಬದಲಿಸುವುದಿಲ್ಲ. ಆ ಹಕ್ಕಿಗಾಗಿ ಹೋಗಬೇಕಾದ ದಾರಿಯನ್ನೂ ಗಡಿಯಾರವನ್ನೂ ಬದಲಿಸುತ್ತದೆ. ಹಕ್ಕು ಯಾವುದರಿಂದ ಬಂತು, ದಾರಿ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಬೆರೆಸದೆ, ಮೊದಲನೆಯದನ್ನು ಮೊದಲು ಕೇಳಬೇಕು.

ಕೈಯಲ್ಲಿ ಇರಬೇಕಾದ ಸಾಮಗ್ರಿ

ವಕೀಲರ ಬಳಿ ಹೋಗುವ ಮುನ್ನವೇ ತೂಕದ ಚೀಟಿ, ಲಾರಿ ಅಥವಾ ಪಿಕಪ್‌ನ ಬಾಡಿಗೆ ರಸೀದಿ, ಬಿಲ್ಲು ಅಥವಾ ಕಚ್ಚಾ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಚೆಕ್ಕಿನ ಎರಡೂ ಬದಿಯ ಪ್ರತಿ, ವಾಟ್ಸ್ಆ್ಯಪ್ ಸಂದೇಶಗಳಿರುವ ಮೂಲ ಫೋನು, ಎದುರು ಪಕ್ಷದ ಸಂಸ್ಥೆಯ ಪೂರ್ಣ ಹೆಸರು ಮತ್ತು ವಿಳಾಸವನ್ನು ಒಂದೆಡೆ ಸೇರಿಸಿಡಬೇಕು. ಜೊತೆಗೆ ಒಂದು ಹಾಳೆಯಲ್ಲಿ ದಿನಾಂಕಗಳ ಪಟ್ಟಿ ಬರೆದಿಡಬೇಕು. ಮಾತುಕತೆ ನಡೆದ ದಿನ, ಮಾಲು ಕೊಟ್ಟ ದಿನ, ಹಣ ಕೊಡಬೇಕಿದ್ದ ದಿನ, ಕೊನೆಯ ಬಾರಿ ಭಾಗಶಃ ಹಣ ಬಂದ ದಿನ ಅದರಲ್ಲಿರಲಿ. ಉಳಿದ ಕಾಗದಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈ ಹಾಳೆಯೇ. ಫೋನ್ ಬದಲಿಸುವ ಯೋಚನೆಯಿದ್ದರೆ ಸದ್ಯಕ್ಕೆ ಮುಂದೂಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿಯೊಂದಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಸಾಧನ ಕೈಯಲ್ಲಿದ್ದರೆ ಆ ಕೆಲಸ ಸುಲಭವಾಗುತ್ತದೆ.

ಹಂತ 1: ಕರಾರು ನಿಲ್ಲುತ್ತದೆಯೇ ಎಂದು ಸಿವಿಲ್ ಕಾನೂನಿನ ಒರೆಗೆ ಹಚ್ಚುವುದು

ವ್ಯವಹಾರ ಎಷ್ಟೇ ದೊಡ್ಡದಿರಲಿ, ಅದು ಮೊದಲು ಕರಾರು ಕಾಯ್ದೆಯ 10ನೇ ಕಲಮನ್ನು ದಾಟಬೇಕು. ಒಪ್ಪಿಗೆ ಮುಕ್ತವಾಗಿರಬೇಕು, ಪಕ್ಷಗಳು ಕರಾರು ಮಾಡಲು ಅರ್ಹರಾಗಿರಬೇಕು, ಪ್ರತಿಫಲವೂ ಉದ್ದೇಶವೂ ಕಾನೂನುಬದ್ಧವಾಗಿರಬೇಕು. ಬಾಯಿಮಾತಿನ ಕರಾರು ಕರಾರೇ. ಸರಕು ಮಾರಾಟಕ್ಕೆ ಬರಹ ಕಡ್ಡಾಯವೆಂದು ಕಾನೂನು ಹೇಳುವುದಿಲ್ಲ. ಫೋನಿನಲ್ಲಿ ದರ ಮುರಿದು, ಅಂದರೆ ನಿಗದಿ ಮಾಡಿಕೊಂಡು, ಮರುದಿನ ಮೂಟೆ ಏರಿಸಿ ಕಳಿಸಿದ್ದರೆ ಅದೂ ಮಾನ್ಯ, ಸಾಬೀತುಪಡಿಸುವ ಭಾರ ಮಾತ್ರ ಹೆಚ್ಚು.

ಈ ಹಂತದಲ್ಲಿ ಹೆಚ್ಚು ಜನ ಮುಗ್ಗರಿಸುವುದು ಶುಂಠಿ ಜಮೀನಿನ ಗುತ್ತಿಗೆಯಲ್ಲಿ. ಸುಮಾರು ಹದಿನೆಂಟು ತಿಂಗಳಿಗೆ ಎಕರೆಗೆ ಇಷ್ಟು ಎಂದು ಛಾಪಾ ಕಾಗದದ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಕೊಂಡರೆ ಎಲ್ಲವೂ ಭದ್ರ ಎಂಬ ನಂಬಿಕೆಯಿದೆ. ಆ ಕಾಗದಕ್ಕೆ ಎರಡು ಅಡ್ಡಿಗಳಿವೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಒಂದು ವರ್ಷ ಮೀರಿದ ಸ್ಥಿರಾಸ್ತಿ ಗುತ್ತಿಗೆ ನೋಂದಣಿಯಾಗಲೇಬೇಕು. ಆಗದಿದ್ದರೆ ಗುತ್ತಿಗೆಯ ಷರತ್ತುಗಳನ್ನು ಸಾಬೀತುಪಡಿಸಲು ಆ ಪತ್ರ ಬಳಕೆಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ, 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಕಲಮು ಕೆಲವೇ ವಿನಾಯಿತಿಗಳ ಹೊರತು ಕೃಷಿ ಜಮೀನಿನ ಗೇಣಿಯನ್ನು ನಿಷೇಧಿಸಿರುವುದು. ನಿಷೇಧಿತ ವ್ಯವಹಾರದ ಮೇಲೆ ದಾವೆ ಹೂಡಿದರೆ ಉದ್ದೇಶವೇ ಕಾನೂನುಬಾಹಿರ ಎಂಬ ಕರಾರು ಕಾಯ್ದೆಯ 23ನೇ ಕಲಮಿನ ಆಕ್ಷೇಪಣೆ ಎದುರಾಗುವುದು ಖಚಿತ. ಆದ್ದರಿಂದ ಇಂಥ ಪ್ರಕರಣದಲ್ಲಿ ಗುತ್ತಿಗೆಯ ಹಣಕ್ಕೂ ಬೆಳೆದ ಶುಂಠಿಯ ಮಾರಾಟದ ಹಣಕ್ಕೂ ಇರುವ ವ್ಯತ್ಯಾಸವನ್ನು ವಕೀಲರ ಮುಂದೆ ಬಿಡಿಸಿಡಬೇಕು. ಕಿತ್ತ ಶುಂಠಿಯನ್ನು ವ್ಯಾಪಾರಿಗೆ ಮಾರಿದ್ದು ಪ್ರತ್ಯೇಕ ಕರಾರು, ಅದರ ಬಲಾಬಲ ಪ್ರತ್ಯೇಕ.

ಎಚ್ಚರಿಕೆಯ ಗುರುತು: ಕಡಿಮೆ ಬೆಲೆಯ ಛಾಪಾ ಕಾಗದದಲ್ಲಿ ದೊಡ್ಡ ಮೊತ್ತದ ಕರಾರು. ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಮಿನಂತೆ ಕೊರತೆಯ ಮುದ್ರಾಂಕ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟದೆ ಅಂಥ ದಸ್ತಾವೇಜನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ದಾವೆ ಹೂಡುವ ಮುನ್ನವೇ ಲೆಕ್ಕ ಹಾಕಿಸಿಕೊಂಡರೆ ಪಾಟೀಸವಾಲಿನ ಹೊತ್ತಿಗೆ ಗಾಬರಿಯಾಗಬೇಕಿಲ್ಲ.

ಮಾರಿದವರು ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಇನ್ನೊಂದು ಪರೀಕ್ಷೆಯಿದೆ. ನೋಂದಣಿಯಾಗದ ಸಂಸ್ಥೆ ಹೊರಗಿನವರ ವಿರುದ್ಧ ಕರಾರಿನ ಹಕ್ಕಿಗಾಗಿ ದಾವೆ ಹೂಡುವುದನ್ನು ಪಾಲುದಾರಿಕೆ ಕಾಯ್ದೆಯ 69ನೇ ಕಲಮು ತಡೆಯುತ್ತದೆ. ಅಣ್ಣತಮ್ಮಂದಿರು ಸೇರಿ ನಡೆಸುವ ಮೆಣಸಿನ ವ್ಯಾಪಾರಗಳಲ್ಲಿ ಈ ನೋಂದಣಿ ಇದೆಯೇ ಎಂದು ಯಾರೂ ವಿಚಾರಿಸಿರುವುದಿಲ್ಲ.

ಹಂತ 2: ವ್ಯವಹಾರದ ಜಾತಿಯನ್ನು ಗುರುತಿಸುವುದು

ಈ ಮಾರ್ಗದರ್ಶಿಯಲ್ಲಿ ಅತ್ಯಂತ ನಿಧಾನವಾಗಿ ಮಾಡಬೇಕಾದ ಕೆಲಸ ಇದೇ. ಅದೇ ಕಾಫಿ, ಅದೇ ವ್ಯಾಪಾರಿ, ಅದೇ ಗೋದಾಮು ಇದ್ದರೂ, ಆಗಿದ್ದು ಮಾರಾಟವೋ ಠೇವಣಿಯೋ ಕೈಸಾಲವೋ ಎಂಬುದರ ಮೇಲೆ ಕಾಯ್ದೆಯೂ ಕಾಲಮಿತಿಯೂ ನ್ಯಾಯಾಲಯವೂ ಬದಲಾಗುತ್ತವೆ.

ನಮ್ಮ ಕಡೆಯ ಒಂದು ರೂಢಿಯನ್ನೇ ತೆಗೆದುಕೊಳ್ಳೋಣ. ಬೆಳೆಗಾರರು ಕೊಯ್ಲು ಮುಗಿದೊಡನೆ ಚೆರಿಯನ್ನೋ (ಹಣ್ಣಾಗಿಯೇ ಒಣಗಿಸಿದ ಕಾಫಿ) ಪಾರ್ಚ್‌ಮೆಂಟನ್ನೋ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ) ವ್ಯಾಪಾರಿಯ ಗೋದಾಮಿಗೆ ಹಾಕಿ, ದರವನ್ನು ಆಮೇಲೆ ಮುರಿಯುತ್ತಾರೆ. ಇದನ್ನು ‘ಡಿಪಾಸಿಟ್ ಇಟ್ಟಿದ್ದೇನೆ’ ಎನ್ನುತ್ತಾರೆ. ಕಾನೂನಿನ ಕಣ್ಣಿಗೆ ಆ ಮಾತಿಗೆ ಎರಡು ಅರ್ಥಗಳಿರಬಹುದು. ಅದು ಕರಾರು ಕಾಯ್ದೆಯ 148ನೇ ಕಲಮಿನ ನಿಕ್ಷೇಪವಾಗಿದ್ದರೆ ಮಾಲಿನ ಒಡೆತನ ಬೆಳೆಗಾರರಲ್ಲಿಯೇ ಉಳಿಯುತ್ತದೆ, ವ್ಯಾಪಾರಿ ಕಾವಲುಗಾರ ಮಾತ್ರ. ಅದು ದರವನ್ನು ಮುಂದೆ ನಿಗದಿ ಮಾಡುವ ಮಾರಾಟವಾಗಿದ್ದರೆ, ಸರಕು ಮಾರಾಟ ಕಾಯ್ದೆಯ 9ನೇ ಕಲಮು ಅದಕ್ಕೆ ಅವಕಾಶ ಕೊಡುವುದರಿಂದ ಒಡೆತನ ಆಗಲೇ ವ್ಯಾಪಾರಿಗೆ ದಾಟಿರಬಹುದು, ಬೆಳೆಗಾರರಿಗೆ ಉಳಿಯುವುದು ಹಣ ಕೇಳುವ ಹಕ್ಕು ಮಾತ್ರ. ವ್ಯಾಪಾರಿ ಕೈಚೆಲ್ಲಿ ಅಂಗಡಿ ಮುಚ್ಚಿದ ದಿನ ಈ ವ್ಯತ್ಯಾಸ ಬರಿಯ ಪಾಂಡಿತ್ಯದ ಮಾತಾಗಿ ಉಳಿಯುವುದಿಲ್ಲ. ಮೊದಲನೆಯದರಲ್ಲಿ ‘ನನ್ನ ಮಾಲು ವಾಪಸು ಕೊಡಿ’ ಎನ್ನಬಹುದು, ಎರಡನೆಯದರಲ್ಲಿ ವ್ಯಾಪಾರಿಯಿಂದ ಹಣ ಬರಬೇಕಾದ ಉಳಿದವರ ಸಾಲಿನಲ್ಲಿ ನಿಲ್ಲಬೇಕು.

ಯಾವುದೆಂದು ನಿರ್ಧರಿಸುವುದು ಹೇಗೆ? ಚೀಟಿಯಲ್ಲಿ ಬರೆದ ಪದಕ್ಕಿಂತ ನಡೆದ ರೀತಿ ಮುಖ್ಯ. ಅದೇ ಮೂಟೆಗಳನ್ನು ಗುರುತಿಟ್ಟು ಪ್ರತ್ಯೇಕವಾಗಿ ಇಡಲಾಗಿತ್ತೇ, ಗೋದಾಮಿನ ಬಾಡಿಗೆ ಪಡೆಯಲಾಯಿತೇ, ಮಾಲು ಹಿಂದಕ್ಕೆ ಒಯ್ಯುವ ಹಕ್ಕನ್ನು ಬೆಳೆಗಾರರು ಉಳಿಸಿಕೊಂಡಿದ್ದರೇ ಎಂಬ ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಬಂದರೆ ನಿಕ್ಷೇಪದ ವಾದಕ್ಕೆ ಬಲ ಬರುತ್ತದೆ. ಮಾಲನ್ನು ಬೇರೆಯವರ ಕಾಫಿಯೊಂದಿಗೆ ಬೆರೆಸಿ ಕ್ಯೂರಿಂಗ್‌ಗೆ (ಹೊಟ್ಟು ತೆಗೆದು ಬೀಜ ಹದಮಾಡುವ ಕೆಲಸಕ್ಕೆ) ಕಳಿಸಲು ಒಪ್ಪಿ, ಮುಂಗಡವನ್ನೂ ಪಡೆದು, ‘ನಾನು ಹೇಳಿದ ದಿನದ ದರ ಕೊಡಿ’ ಎಂದಿದ್ದರೆ ಅದನ್ನು ಮಾರಾಟವೆಂದು ಓದುವ ಸಾಧ್ಯತೆಯೇ ಹೆಚ್ಚು. ನನ್ನ ಅನಿಸಿಕೆಯಲ್ಲಿ ಡಿಪಾಸಿಟ್ ಎಂದು ಕರೆಯಲಾಗುವ ವ್ಯವಹಾರಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿಗೇ ಸೇರುತ್ತವೆ, ಬೆಳೆಗಾರರಿಗೆ ಇದು ಹಿತವಾದ ಮಾತಲ್ಲದಿದ್ದರೂ. ಮುಂದಿನ ಫಸಲಿಗಾದರೂ ಚೀಟಿಯಲ್ಲಿ ‘ದರ ನಿಗದಿಯಾಗಿ ಹಣ ಪೂರ್ತಿ ಸಂದಾಯವಾಗುವವರೆಗೆ ಮಾಲಿನ ಒಡೆತನ ಬೆಳೆಗಾರರದೇ’ ಎಂಬ ಒಂದು ಸಾಲನ್ನು ಬರೆಸಿ, ವ್ಯಾಪಾರಿಯ ಸಹಿ ಪಡೆಯುವುದು ಒಳ್ಳೆಯದು.

ಗುಣಮಟ್ಟದ ತಕರಾರು ಇದ್ದರೆ ಅದೂ ಈ ಹಂತದಲ್ಲಿಯೇ ತಿಳಿಯಾಗಬೇಕು. ಮಾಲು ಇಳಿಸಿಕೊಂಡು ಎರಡು ತಿಂಗಳಾದ ಮೇಲೆ ತೇವಾಂಶ ಹೆಚ್ಚಿತ್ತು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ) ಕಡಿಮೆ ಬಂತು ಎಂದು ದರ ಕಡಿಯುವುದು ಹೊಸದಲ್ಲ. ಮಾದರಿ ತೋರಿಸಿ ಮಾರಿದ್ದರೆ ಮೂಟೆಯ ಮಾಲು ಮಾದರಿಗೆ ಹೊಂದಬೇಕು ಎಂದು ಸರಕು ಮಾರಾಟ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಹಾಗೆಯೇ, ತಕ್ಕ ಸಮಯ ಮೀರಿದರೂ ನಿರಾಕರಣೆಯ ಸುದ್ದಿ ತಿಳಿಸದೆ ಮಾಲನ್ನು ಇಟ್ಟುಕೊಂಡವರು ಅದನ್ನು ಸ್ವೀಕರಿಸಿದಂತೆಯೇ ಎಂದು 42ನೇ ಕಲಮು ಹೇಳುತ್ತದೆ. ಸ್ವೀಕರಿಸಿದ ಮೇಲೂ ಖರೀದಿದಾರರು 59ನೇ ಕಲಮಿನಂತೆ ಬೆಲೆಯಲ್ಲಿ ಕಡಿತ ಕೇಳಬಹುದು, ಆದರೆ ಕೊರತೆಯನ್ನು ಅವರು ಸಾಬೀತುಪಡಿಸಬೇಕು. ಆದ್ದರಿಂದ ಮೂಟೆ ಕಳಿಸುವ ದಿನ ಇಬ್ಬರ ಸಹಿಯಿರುವ ಮೊಹರು ಹಾಕಿದ ಮಾದರಿ ಪೊಟ್ಟಣವೊಂದನ್ನು ತಮ್ಮಲ್ಲಿ ಇಟ್ಟುಕೊಂಡವರಿಗೆ ಆಮೇಲೆ ಹೆಚ್ಚು ವಾದಿಸುವ ಅಗತ್ಯ ಬೀಳುವುದಿಲ್ಲ.

ಬೆಲೆ ಏರಿದಾಗ ಕಥೆ ತಿರುಗುತ್ತದೆ. ಒಪ್ಪಿದ ದರಕ್ಕೆ ಮಾಲು ಕೊಡಲು ಬೆಳೆಗಾರರೇ ಹಿಂಜರಿಯುತ್ತಾರೆ. ಆಗ ವ್ಯಾಪಾರಿಗೆ ದೊರೆಯುವುದು ಸಾಮಾನ್ಯವಾಗಿ ಒಪ್ಪಿದ ದರಕ್ಕೂ ಮುರಿದ ದಿನದ ಮಾರುಕಟ್ಟೆ ದರಕ್ಕೂ ಇರುವ ಅಂತರ. ತಿಂಗಳುಗಟ್ಟಲೆ ಕಾದು ದರ ಇನ್ನಷ್ಟು ಏರಿದ ಮೇಲೆ ಆ ದಿನದ ಅಂತರ ಕೇಳಿದರೆ, ನಷ್ಟ ತಗ್ಗಿಸಲು ನೀವೇನು ಮಾಡಿದಿರಿ ಎಂದು ಕರಾರು ಕಾಯ್ದೆಯ 73ನೇ ಕಲಮಿನ ವಿವರಣೆಯೇ ಅವರನ್ನು ಕೇಳುತ್ತದೆ. ‘ತಪ್ಪಿದರೆ ಎರಡು ಪಟ್ಟು ಕೊಡಬೇಕು’ ಎಂಬ ಷರತ್ತು ಬರೆದಿದ್ದರೂ 74ನೇ ಕಲಮಿನಂತೆ ಸಿಗುವುದು ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರವೇ ಹೊರತು ಬರೆದಷ್ಟೂ ಅಲ್ಲ.

ಹಂತ 3: ಕಾಲಮಿತಿಯ ಕೊನೆಯ ದಿನವನ್ನು ಗುರುತು ಹಾಕುವುದು

1963ರ ಕಾಲಮಿತಿ ಕಾಯ್ದೆ ಸಿವಿಲ್ ದಾವೆಗೂ ವಾಣಿಜ್ಯ ದಾವೆಗೂ ಒಂದೇ. ಅವಧಿ ಹೆಚ್ಚಿನವುಗಳಿಗೆ ಮೂರು ವರ್ಷವೇ ಆದರೂ ಎಣಿಕೆ ಶುರುವಾಗುವ ದಿನ ಬೇರೆಬೇರೆ. ಸಾಲದ ಗಡುವು ಹೇಳದೆ ಮಾರಿದ ಸರಕಿನ ಬೆಲೆಗೆ ಮಾಲು ಕೊಟ್ಟ ದಿನದಿಂದ, ಗಡುವು ಹೇಳಿದ್ದರೆ ಆ ಗಡುವು ಮುಗಿದ ದಿನದಿಂದ, ಕರಾರು ಮುರಿದ ಪರಿಹಾರಕ್ಕೆ ಮುರಿದ ದಿನದಿಂದ, ನಿಕ್ಷೇಪದ ಮಾಲನ್ನು ವಾಪಸು ಪಡೆಯಲು ಕೇಳಿದಾಗ ನಿರಾಕರಿಸಿದ ದಿನದಿಂದ ಎಣಿಸಬೇಕು. ಹಂತ 2ರಲ್ಲಿ ಮಾರಾಟವೋ ನಿಕ್ಷೇಪವೋ ಎಂದು ತಲೆ ಕೆಡಿಸಿಕೊಂಡದ್ದರ ಒಂದು ಕಾರಣ ಇದು. ಸಂದೇಹವಿದ್ದರೆ ಎಲ್ಲಕ್ಕಿಂತ ಮೊದಲು ಬರುವ ದಿನವನ್ನೇ ಕೊನೆಯ ದಿನವೆಂದು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುವುದು ಕ್ಷೇಮ.

‘ಕೊಡ್ತೀನಿ ಮಾರಾಯ್ರೆ, ಮುಂದಿನ ಫಸಲಿಗೆ ನೋಡೋಣ’ ಎಂಬ ಮಾತಿನಿಂದ ಅವಧಿ ಬೆಳೆಯುವುದಿಲ್ಲ. 18ನೇ ಕಲಮಿನಂತೆ ಅವಧಿ ಮುಗಿಯುವ ಮುನ್ನ, ಬರಹದಲ್ಲಿ, ಸಹಿಯೊಂದಿಗೆ ಬಾಕಿಯನ್ನು ಒಪ್ಪಿಕೊಂಡರೆ ಮಾತ್ರ ಹೊಸ ಎಣಿಕೆ ಶುರುವಾಗುತ್ತದೆ. 19ನೇ ಕಲಮಿನಂತೆ ಭಾಗಶಃ ಪಾವತಿಯೂ ಅದೇ ಕೆಲಸ ಮಾಡುತ್ತದೆ, ಆದರೆ ಪಾವತಿ ಅವಧಿಯೊಳಗೆ ಆಗಿರಬೇಕು ಮತ್ತು ಕೊಟ್ಟವರ ಕೈಬರಹ ಅಥವಾ ಸಹಿಯ ದಾಖಲೆ ಇರಬೇಕು. ಅವಧಿ ಮುಗಿದೇ ಹೋಗಿದ್ದರೆ ಉಳಿಯುವ ದಾರಿ ಒಂದೇ: ಕರಾರು ಕಾಯ್ದೆಯ 25ನೇ ಕಲಮಿನ 3ನೇ ಉಪಕಲಮಿನಂತೆ ಆ ಹಳೆಯ ಸಾಲವನ್ನು ತೀರಿಸುವುದಾಗಿ ಹೊಸದಾಗಿ ಬರೆದು ಸಹಿ ಮಾಡಿದ ವಾಗ್ದಾನ.

ಹಂತ 4: ಮೊತ್ತ ಲೆಕ್ಕ ಹಾಕಿ ನ್ಯಾಯಾಲಯ ಆರಿಸುವುದು

ದಾವೆ ವಾಣಿಜ್ಯ ನ್ಯಾಯಾಲಯಕ್ಕೆ ಸೇರಬೇಕಾದರೆ ಎರಡು ಷರತ್ತುಗಳು ಒಟ್ಟಿಗೆ ಈಡೇರಬೇಕು. ವಿವಾದ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 2ನೇ ಕಲಮಿನ ಪಟ್ಟಿಯಲ್ಲಿರಬೇಕು, ಮೊತ್ತ 3 ಲಕ್ಷ ರೂಪಾಯಿಗೆ ಕಡಿಮೆಯಿರಬಾರದು. ಮೊದಲು 1 ಕೋಟಿಯಿದ್ದ ಈ ಮಿತಿಯನ್ನು 2018ರ ತಿದ್ದುಪಡಿ 3 ಲಕ್ಷಕ್ಕೆ ಇಳಿಸಿತು. ‘ಅದೆಲ್ಲ ದೊಡ್ಡ ಕಂಪನಿಗಳಿಗೆ’ ಎಂದು ಇಂದಿಗೂ ನಂಬಿರುವವರು ಎಡವುವುದು ಇಲ್ಲಿಯೇ.

ಸರಕು ಮಾರಾಟದ ಅಥವಾ ಸೇವೆ ಒದಗಿಸುವ ಕರಾರು, ವ್ಯಾಪಾರಿಗಳ ಸಾಮಾನ್ಯ ವ್ಯವಹಾರ, ಪಾಲುದಾರಿಕೆ ಕರಾರು ಇವೆಲ್ಲ ಪಟ್ಟಿಯಲ್ಲಿವೆ. ಸರಕು ಮಾರಾಟದ ಬಾಬಿನಲ್ಲಿ ಎರಡೂ ಕಡೆಯವರು ವ್ಯಾಪಾರಿಗಳೇ ಆಗಿರಬೇಕೆಂಬ ಮಾತಿಲ್ಲ, ಆದ್ದರಿಂದ ‘ನಾನು ರೈತ, ನನಗೆ ಇದು ಅನ್ವಯಿಸದು’ ಎಂಬ ಧೈರ್ಯದಲ್ಲಿ ಕೂರಬಾರದು. ಇಬ್ಬರು ವ್ಯಾಪಾರಿಗಳ ನಡುವಿನದೇ ಆದರೂ ಮಗಳ ಮದುವೆಗೆಂದು ಪಡೆದ ಕೈಸಾಲ ಸಾಮಾನ್ಯ ಸಿವಿಲ್ ವಿವಾದ. ಸ್ಥಿರಾಸ್ತಿಯ ಕರಾರು ಸೇರಬೇಕಾದರೆ ಆ ಆಸ್ತಿ ವ್ಯಾಪಾರ ವಾಣಿಜ್ಯಕ್ಕೆ ಮಾತ್ರವೇ ಬಳಕೆಯಾಗುತ್ತಿರಬೇಕು. ವಾಸ್ತವವಾಗಿ ಬಳಕೆಯಲ್ಲಿರಬೇಕೇ ಹೊರತು ಮುಂದೆ ಬಳಸುವ ಉದ್ದೇಶ ಸಾಲದು ಎಂದು ಸುಪ್ರೀಂ ಕೋರ್ಟ್ 2019ರ ಅಂಬಾಲಾಲ್ ಸಾರಾಭಾಯ್ ಪ್ರಕರಣದಲ್ಲಿ ಹೇಳಿದೆ. ಮೂಡಿಗೆರೆಯ ಕಡೆ ಮನೆಯವರೂ ವಾಸವಿದ್ದು ಎರಡು ಕೋಣೆಗಳನ್ನು ಹೋಮ್‌ಸ್ಟೇಗೆ ಬಿಟ್ಟಿರುವ ಕಟ್ಟಡದ ಬಾಡಿಗೆ ವಿವಾದವನ್ನು ವಾಣಿಜ್ಯವೆನ್ನಲು ಈ ‘ಮಾತ್ರವೇ’ ಎಂಬ ಪದ ಅಡ್ಡ ನಿಲ್ಲುತ್ತದೆ.

ಮೊತ್ತದ ಲೆಕ್ಕದಲ್ಲಿ ದಾವೆ ಹೂಡುವ ದಿನದವರೆಗಿನ ಬಡ್ಡಿಯೂ ಸೇರುತ್ತದೆ. ಉದಾಹರಣೆಗೆ, 50 ಕೆ.ಜಿ.ಯ 40 ಮೂಟೆಗಳನ್ನು ಮೂಟೆಗೆ 9,000 ರೂಪಾಯಿಯಂತೆ ಮಾರಲಾಗಿದೆ ಎಂದಿಟ್ಟುಕೊಳ್ಳೋಣ. ಒಟ್ಟು 3,60,000 ರೂಪಾಯಿಯಲ್ಲಿ 1,00,000 ಮುಂಗಡ ಬಂದಿದೆ, ಬಾಕಿ 2,60,000. ವರ್ಷಕ್ಕೆ ಶೇ 12ರ ಬಡ್ಡಿಗೆ ಬರಹದಲ್ಲಿ ಒಪ್ಪಿಗೆಯಿದೆ. ತಿಂಗಳ ಬಡ್ಡಿ 2,600 ರೂಪಾಯಿ. ಹದಿನೈದು ತಿಂಗಳಿಗೆ ಒಟ್ಟು 2,99,000, ಹದಿನಾರನೆಯ ತಿಂಗಳಿಗೆ 3,01,600. ಒಂದೇ ತಿಂಗಳ ಅಂತರದಲ್ಲಿ ಅದೇ ಬಾಕಿ ಸಾಮಾನ್ಯ ಸಿವಿಲ್ ದಾವೆಯಿಂದ ವಾಣಿಜ್ಯ ದಾವೆಯಾಗಿ ಬದಲಾಗುತ್ತದೆ. ಕಳೆದ ವರ್ಷ ಸಿದ್ಧಪಡಿಸಿದ ಕರಡನ್ನೇ ಈ ವರ್ಷ ಸಲ್ಲಿಸುವವರು ಈ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು.

ಬಡ್ಡಿಯ ಸ್ವಲ್ಪ ಭಾಗ ಬಿಟ್ಟುಕೊಟ್ಟು ಸಾಮಾನ್ಯ ನ್ಯಾಯಾಲಯದಲ್ಲಿಯೇ ಉಳಿಯಬಹುದೇ ಎಂದು ಕೆಲವರು ಕೇಳುತ್ತಾರೆ. ಬಿಡಬಹುದು, ಆದರೆ ಬಿಟ್ಟ ಭಾಗಕ್ಕಾಗಿ ಮತ್ತೆ ದಾವೆ ಹೂಡಲಾಗದು. ಕಾಗದ ಪತ್ರಗಳು ಗಟ್ಟಿಯಾಗಿರುವವರಿಗೆ ವಾಣಿಜ್ಯ ನ್ಯಾಯಾಲಯವೇ ಲಾಭ, ಏಕೆಂದರೆ ಅಲ್ಲಿ ಎದುರು ಪಕ್ಷ ಕಾಲ ತಳ್ಳುವುದು ಕಷ್ಟ, ಸೋತವರು ಖರ್ಚು ಕೊಡಬೇಕೆಂಬುದೇ ಅಲ್ಲಿನ ಸಾಮಾನ್ಯ ನಿಯಮ. ಎಲ್ಲವೂ ಬಾಯಿಮಾತಿನ ಸಾಕ್ಷಿಯ ಮೇಲೆ ನಿಂತಿದ್ದರೆ ಯೋಚಿಸಿ ಹೆಜ್ಜೆಯಿಡಬೇಕು. ಜಿಲ್ಲೆಯ ಯಾವ ನ್ಯಾಯಾಲಯಕ್ಕೆ ವಾಣಿಜ್ಯ ಅಧಿಕಾರ ಕೊಡಲಾಗಿದೆ ಎಂಬುದನ್ನು ಹಾಸನ ಅಥವಾ ಚಿಕ್ಕಮಗಳೂರಿನ ಜಿಲ್ಲಾ ನ್ಯಾಯಾಲಯದ ಫೈಲಿಂಗ್ ವಿಭಾಗದಲ್ಲಿ ಸಲ್ಲಿಸುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ಹಂತ 5: ಯಾವ ಊರಿನಲ್ಲಿ ಎಂಬ ಪ್ರಶ್ನೆ

ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮಿನಂತೆ ಪ್ರತಿವಾದಿ ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನಲ್ಲಾಗಲಿ, ದಾವೆಯ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದ ಊರಿನಲ್ಲಾಗಲಿ ದಾವೆ ಹೂಡಬಹುದು. ಸಕಲೇಶಪುರದಲ್ಲಿ ತೂಕ ಮಾಡಿ ಅಲ್ಲಿಯೇ ಮಾಲು ಒಪ್ಪಿಸಿದ್ದರೆ, ವ್ಯಾಪಾರಿಯ ಕಚೇರಿ ಮಂಗಳೂರಿನಲ್ಲಿದ್ದರೂ ಹಾಸನ ಜಿಲ್ಲೆಯಲ್ಲಿ ದಾವೆ ನಿಲ್ಲುತ್ತದೆ. ಆದರೆ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ವಿವಾದಗಳು ಮಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ’ ಎಂದಿದೆಯೇ ಎಂದು ನೋಡಬೇಕು. ಎರಡು ಊರುಗಳ ನ್ಯಾಯಾಲಯಗಳಿಗೂ ಅಧಿಕಾರವಿದ್ದಾಗ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಷರತ್ತು ಮಾನ್ಯವೆಂದು 1989ರ ಎ.ಬಿ.ಸಿ. ಲ್ಯಾಮಿನಾರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಧಿಕಾರವೇ ಇಲ್ಲದ ಊರಿಗೆ ಕರಾರಿನಿಂದ ಅಧಿಕಾರ ಕೊಡಲಾಗದು. ಅದೇ ಸಾಲಿನ ಆಸುಪಾಸಿನಲ್ಲಿ ಆರ್ಬಿಟ್ರೇಷನ್ (ನ್ಯಾಯಾಲಯದ ಬದಲು ಪಂಚರೇ ತೀರ್ಪು ಕೊಡುವ ವ್ಯವಸ್ಥೆ) ಷರತ್ತಿದ್ದರೆ ದಾರಿಯೇ ಬೇರೆಯಾಗುತ್ತದೆ.

ಹಂತ 6: ನೋಟೀಸು, ಚೆಕ್ಕು ಮತ್ತು ಪೊಲೀಸ್ ಠಾಣೆ

ಲೀಗಲ್ ನೋಟೀಸಿನಲ್ಲಿ ದಿನಾಂಕ, ಮೂಟೆಗಳ ಸಂಖ್ಯೆ, ದರ, ಬಂದ ಹಣ, ಬಾಕಿ, ಬಡ್ಡಿಯ ಆಧಾರ ಇಷ್ಟು ಸ್ಪಷ್ಟವಾಗಿದ್ದರೆ ಸಾಕು. ಕೋಪದ ಮಾತು ಬೇಡ. ನೋಟೀಸಿನಲ್ಲಿ ‘ಮಾರಾಟ’ ಎಂದು ಬರೆದು ವಾದಪತ್ರದಲ್ಲಿ ‘ನಿಕ್ಷೇಪ’ ಎಂದರೆ ಎದುರಿನ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಚೆಕ್ಕು ಅಮಾನ್ಯವಾಗಿದ್ದರೆ ಅದರ ಗಡಿಯಾರ ಪ್ರತ್ಯೇಕ. ಚೆಕ್ಕನ್ನು ಅದರ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು, ಅಮಾನ್ಯವಾದ ಸುದ್ದಿ ಬಂದ 30 ದಿನಗಳೊಳಗೆ ನೋಟೀಸು ಕೊಡಬೇಕು, ನೋಟೀಸು ತಲುಪಿದ ಮೇಲೆ 15 ದಿನ ಕಾಯಬೇಕು, ಆಗಲೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ವರ್ಗಾವಣೀಯ ದಸ್ತಾವೇಜುಗಳ ಕಾಯ್ದೆಯ 138ನೇ ಕಲಮಿನ ದೂರು ಸಲ್ಲಿಸಬೇಕು. ಈ ದೂರು ಹಣ ವಸೂಲಿಯ ದಾವೆಗೆ ಬದಲಿಯಲ್ಲ. ದೂರು ನಡೆಯುತ್ತಿದೆ ಎಂದು ಸುಮ್ಮನಿದ್ದರೆ ದಾವೆಯ ಮೂರು ವರ್ಷ ತನ್ನ ಪಾಡಿಗೆ ಮುಗಿಯುತ್ತದೆ.

ಠಾಣೆಗೆ ಹೋಗುವ ಹವ್ಯಾಸದ ಬಗ್ಗೆಯೂ ಹೇಳಲೇಬೇಕು. ಆರಂಭದಿಂದಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಲಾಗದ, ಬರಿಯ ಹಣ ಕೊಡದ ಪ್ರಕರಣ ಸಾಮಾನ್ಯವಾಗಿ ಸಿವಿಲ್ ವಿವಾದವೇ. ಪೊಲೀಸ್ ದೂರು ಕಾಲಮಿತಿಯನ್ನು ನಿಲ್ಲಿಸುವುದಿಲ್ಲ. ಠಾಣೆಯಲ್ಲಿ ಬರೆಸಿಕೊಂಡ ಮುಚ್ಚಳಿಕೆ ಕೈಯಲ್ಲಿದ್ದರೂ ಅದು ಒತ್ತಾಯದಿಂದ ಬರೆಸಿದ್ದು ಎಂಬ ವಾದ ಬರುತ್ತದೆ, ಆಗ ಮತ್ತೆ ಹಂತ 1ರ ಮುಕ್ತ ಒಪ್ಪಿಗೆಯ ಪ್ರಶ್ನೆಗೇ ಮರಳಬೇಕಾಗುತ್ತದೆ.

ಹಂತ 7: ದಾವೆಗೆ ಮುಂಚಿನ ಮಧ್ಯಸ್ಥಿಕೆ

ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನಂತೆ, ತುರ್ತು ಮಧ್ಯಂತರ ಆದೇಶದ ಅಗತ್ಯವಿಲ್ಲದ ವಾಣಿಜ್ಯ ದಾವೆಯನ್ನು ಮಧ್ಯಸ್ಥಿಕೆಗೆ ಹೋಗದೆ ಹೂಡುವಂತಿಲ್ಲ. ಇದು ಕಡ್ಡಾಯವೆಂದೂ, ಪಾಲಿಸದ ದಾವೆ ತಿರಸ್ಕಾರಕ್ಕೆ ಅರ್ಹವೆಂದೂ ಸುಪ್ರೀಂ ಕೋರ್ಟ್ 2022ರ ಆಗಸ್ಟ್ 17ರಂದು ಪಾಟೀಲ್ ಆಟೋಮೇಷನ್ ಪ್ರಕರಣದಲ್ಲಿ ತೀರ್ಪು ನೀಡಿತು, ಅದನ್ನು ಅದೇ ತಿಂಗಳ 20ರಿಂದ ಜಾರಿಗೊಳಿಸಿತು. ಮೊದಲ ಪ್ಯಾರಾದಲ್ಲಿ ಹೇಳಿದ ತಿರಸ್ಕಾರದ ಮೂಲ ಇದೇ.

ಅರ್ಜಿಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನಮೂನೆ 1ರಲ್ಲಿ, 1,000 ರೂಪಾಯಿ ಶುಲ್ಕದೊಂದಿಗೆ ಕೊಡಬೇಕು. ಪ್ರಾಧಿಕಾರ ಎದುರು ಪಕ್ಷಕ್ಕೆ ನೋಟೀಸು ಕಳಿಸುತ್ತದೆ. ಉತ್ತರ ಬಾರದಿದ್ದರೆ ಅಂತಿಮ ನೋಟೀಸು ಹೋಗುತ್ತದೆ. ಆಗಲೂ ಬಾರದಿದ್ದರೆ ಅಥವಾ ಬಂದು ಒಪ್ಪದಿದ್ದರೆ, ಮಧ್ಯಸ್ಥಿಕೆ ಶುರುವಾಗಲಿಲ್ಲ ಎಂಬ ವರದಿ ಸಿಗುತ್ತದೆ. ಆ ವರದಿಯನ್ನು ಜೋಪಾನವಾಗಿ ತೆಗೆದಿಡಬೇಕು, ವಾದಪತ್ರದೊಂದಿಗೆ ಸೇರಬೇಕಾದ ಕಾಗದ ಅದು. ಎದುರು ಪಕ್ಷ ಒಪ್ಪಿದರೆ ಮೂರು ತಿಂಗಳೊಳಗೆ, ಇಬ್ಬರ ಸಮ್ಮತಿಯಿದ್ದರೆ ಇನ್ನೆರಡು ತಿಂಗಳು ಸೇರಿಸಿ, ಮಾತುಕತೆ ಮುಗಿಯಬೇಕು. 3 ಲಕ್ಷದಿಂದ 10 ಲಕ್ಷದವರೆಗಿನ ವಿವಾದಕ್ಕೆ ಮಧ್ಯಸ್ಥಿಕೆಯ ಶುಲ್ಕ 15,000 ರೂಪಾಯಿ, ಅದನ್ನು ಇಬ್ಬರೂ ಸಮನಾಗಿ ಭರಿಸಬೇಕು. ಒಪ್ಪಂದವಾಗಿ ಎಲ್ಲರ ಸಹಿ ಬಿದ್ದರೆ ಅದಕ್ಕೆ ಆರ್ಬಿಟ್ರೇಷನ್ ತೀರ್ಪಿನ ಬಲವಿರುತ್ತದೆ, ಮತ್ತೆ ದಾವೆ ಹೂಡದೆ ಅಮಲ್ಜಾರಿಗೆ ಹೋಗಬಹುದು. ಮಧ್ಯಸ್ಥಿಕೆಯಲ್ಲಿ ಕಳೆದ ಅವಧಿಯನ್ನು ಕಾಲಮಿತಿಯ ಎಣಿಕೆಯಿಂದ ಬಿಡಲಾಗುತ್ತದೆ. ಹಾಗೆಂದು ಮೂರನೇ ವರ್ಷದ ಕೊನೆಯ ವಾರದವರೆಗೆ ಕಾಯುವುದು ಜಾಣತನವಲ್ಲ.

ಮಧ್ಯಸ್ಥಿಕೆ ತಪ್ಪಿಸಲೆಂದು ವಾದಪತ್ರಕ್ಕೆ ಸುಮ್ಮನೆ ಒಂದು ತಡೆಯಾಜ್ಞೆಯ ಅರ್ಜಿ ಅಂಟಿಸುವ ಉಪಾಯವೂ ಚಾಲ್ತಿಯಲ್ಲಿದೆ. ಆ ತುರ್ತು ನಿಜವೇ ಎಂದು ನ್ಯಾಯಾಲಯ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಯಾಮಿನಿ ಮನೋಹರ್ ಪ್ರಕರಣದಲ್ಲಿ ಹೇಳಿದೆ. ಗೋದಾಮಿನಲ್ಲಿರುವ ಕಾಫಿಯನ್ನು ರಾತ್ರೋರಾತ್ರಿ ಸಾಗಿಸಲಾಗುತ್ತಿದೆ ಎಂಬುದಕ್ಕೆ ಫೋಟೋ, ಲಾರಿ ಸಂಖ್ಯೆ, ಸಾಕ್ಷಿಗಳಿದ್ದರೆ ಅದು ತುರ್ತು. ಎರಡು ವರ್ಷ ಸುಮ್ಮನಿದ್ದು ಈಗ ತುರ್ತು ಎಂದರೆ ನಂಬಿಸುವುದು ಕಷ್ಟ.

ಹಂತ 8: ವಾದಪತ್ರ ಸಲ್ಲಿಸುವುದು

ಸಾಮಾನ್ಯ ದಾವೆಯಲ್ಲಿ ದಾಖಲೆಗಳನ್ನು ನಡುವೆ ತಂದುಕೊಡುವ ಅಭ್ಯಾಸ ಬೇರೂರಿದೆ. ವಾಣಿಜ್ಯ ದಾವೆಯಲ್ಲಿ ಅದಕ್ಕೆ ಆಸ್ಪದ ಬಹಳ ಕಡಿಮೆ. ತಮ್ಮ ಬಳಿಯಿರುವ ಸಂಬಂಧಪಟ್ಟ ಎಲ್ಲ ದಾಖಲೆಗಳ ಪಟ್ಟಿಯನ್ನೂ ಪ್ರತಿಗಳನ್ನೂ, ತಮಗೆ ಪ್ರತಿಕೂಲವಾದವು ಸೇರಿದಂತೆ, ವಾದಪತ್ರದೊಂದಿಗೇ ಕೊಡಬೇಕು, ಬೇರೇನೂ ತಮ್ಮ ಬಳಿ ಇಲ್ಲವೆಂದು ಪ್ರಮಾಣ ಮಾಡಬೇಕು. ಸತ್ಯದ ಹೇಳಿಕೆ ಎಂಬ ಪ್ರಮಾಣಪತ್ರವೂ ಜೊತೆಗಿರಬೇಕು. ಬಡ್ಡಿ ಕೇಳಿದ್ದರೆ ಯಾವ ಆಧಾರದ ಮೇಲೆ, ಯಾವ ದರದಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬಿಡಿಸಿ ಬರೆಯಬೇಕು. ಕಾಗದಗಳು ಎಷ್ಟು ಸ್ಪಷ್ಟವಾಗಿವೆಯೆಂದರೆ ಎದುರು ಪಕ್ಷಕ್ಕೆ ನಿಜವಾದ ಪ್ರತಿವಾದವೇ ಇಲ್ಲ ಎನಿಸಿದರೆ, ಮೌಖಿಕ ಸಾಕ್ಷ್ಯವಿಲ್ಲದೆ ತೀರ್ಪು ಕೊಡಿ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ಎ ಆದೇಶದಡಿ ಅರ್ಜಿ ಹಾಕಬಹುದು.

ಹಂತ 9: ನೀವೇ ಪ್ರತಿವಾದಿಯಾಗಿದ್ದರೆ

ಸಮನ್ಸ್ ಪಡೆದ ದಿನವನ್ನು ಲಕೋಟೆಯ ಮೇಲೆಯೇ ಬರೆದಿಡಬೇಕು. ಸಾಮಾನ್ಯ ದಾವೆಯಲ್ಲಿ ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ 90 ದಿನ ಎಂದಿದ್ದರೂ ತಕ್ಕ ಕಾರಣವಿದ್ದರೆ ನ್ಯಾಯಾಲಯ ಅದರಾಚೆಗೂ ಅವಕಾಶ ಕೊಟ್ಟ ಉದಾಹರಣೆಗಳಿವೆ. ವಾಣಿಜ್ಯ ದಾವೆಯಲ್ಲಿ ಸಮನ್ಸ್ ಜಾರಿಯಾದ ದಿನದಿಂದ 120 ದಿನ ಮುಗಿದರೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ, ನ್ಯಾಯಾಲಯವೂ ಅದನ್ನು ಮರಳಿ ಕೊಡಲಾರದು. ಆರ್ಬಿಟ್ರೇಷನ್ ಷರತ್ತನ್ನು ಎತ್ತಬೇಕಾದರೆ ಮೊದಲ ಹೇಳಿಕೆ ಸಲ್ಲಿಸುವುದಕ್ಕಿಂತ ತಡವಾಗದಂತೆ ಎತ್ತಬೇಕು. ನಡುವಿನ ಪ್ರತಿಯೊಂದು ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗಿ ಕಾಲ ತಳ್ಳುವ ಹಳೆಯ ದಾರಿಗೂ ಇಲ್ಲಿ ಬೇಲಿಯಿದೆ, ಮಧ್ಯಂತರ ಆದೇಶಗಳ ಮೇಲಿನ ಪುನರೀಕ್ಷಣೆಯನ್ನು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 8ನೇ ಕಲಮು ತಡೆದಿದೆ. ತೀರ್ಪಿನ ಮೇಲಿನ ಮೇಲ್ಮನವಿಗೆ 60 ದಿನ. ತೀರ್ಪಿನ ಪ್ರಮಾಣಿತ ಪ್ರತಿಗೆ ಅರ್ಜಿಯನ್ನು ತೀರ್ಪು ಬಂದ ದಿನವೇ ಕೊಟ್ಟುಬಿಡುವುದು ವಾಡಿಕೆ, ಪ್ರತಿ ಪಡೆಯಲು ತಗಲಿದ ದಿನಗಳು ಆ ಅರವತ್ತರ ಎಣಿಕೆಯಲ್ಲಿ ಸೇರುವುದಿಲ್ಲ.